ಪೈಲ್ವಾನನ ಜಪಾನೀ ಕೇಕು

ನಮ್ಮ ಗುಂಪಿನಲ್ಲಿ ಒಬ್ಬನಿಗೆ ಪೈಲ್ವಾನ ಅಂತಲೇ ಹೆಸರು. ಕುಸ್ತಿ ಆಡಿದವನೇನಲ್ಲ. ಬೆಳಗಾವಿಯ ಟಿಳಕವಾಡಿಯ ಒಂದು ಜಿಮ್‌ಗೆ ಹೆಸರು ಹಚ್ಚಿದ್ದಾನೆ, ಅಷ್ಟೇ. ಈಗ ತಾಟಿನಲ್ಲಿ ಅವನಿಗೆ ರೊಟ್ಟಿ, ಪಲ್ಯ ಕಾಣುವುದಿಲ್ಲ. ಬರೀ ಪ್ರೋಟೀನು, ಕಾರ್ಬು ಕಾಣುತ್ತವೆ.

"ಇಂಟರ್ನೆಟ್‌ನಲ್ಲಿ ಓಡಾಡುತ್ತದಲ್ಲ, ಆ ಜಪಾನೀ ಚೀಸ್‌ಕೇಕ್ ಈ ಸಲ ನಾನೇ ಮಾಡಿದೆ" ಅಂದ. "ಮೊಸರಿನಲ್ಲಿ ಬಿಸ್ಕಿಟ್ ಚುಚ್ಚಿ ರಾತ್ರಿಯಿಡೀ ಫ್ರಿಜ್‌ನಲ್ಲಿ ಇಡಬೇಕು. ಮುಗೀತು."

"ಒಲೆ?" ಮಾಸ್ತರು ಕೇಳಿದರು.

"ಬೇಡ."

"ಮೊಟ್ಟೆ?"

"ಅದೂ ಬೇಡ."

"ಹಾಗಾದರೆ ಮಾಡಿದ್ದು ನೀನಲ್ಲ ಲೇ, ಫ್ರಿಜ್ಜು!"

ಒಳಗಿಂದ ವೈನಿ, ಅಂದರೆ ಮಾಸ್ತರ ಹೆಂಡತಿ, ಬಂದರು. ಮನೆಯಲ್ಲಿ ಓವನ್ ಇರುವುದರಿಂದ ಈ ವಿಷಯದಲ್ಲಿ ಅವರ ಮಾತೇ ಕೊನೆ. "ಅಸಲಿ ಜಪಾನೀ ಚೀಸ್‌ಕೇಕ್ ಬೇರೆ ರೀ. ಮೊಟ್ಟೆಯ ಬಿಳಿಯನ್ನು ನೊರೆ ಗಟ್ಟಿಯಾಗುವ ತನಕ ಕಡೆಯಬೇಕು. ಕ್ರೀಮ್ ಚೀಸಿನ ಹಿಟ್ಟಿನಲ್ಲಿ ಮೆಲ್ಲಗೆ ಕಲಸಬೇಕು. ಅಚ್ಚನ್ನು ಬಿಸಿನೀರಿನ ತಾಟಿನಲ್ಲಿ ಇಟ್ಟು ಸಣ್ಣ ಉರಿಗೆ ಬೇಯಿಸಬೇಕು. ಹೊರಗೆ ತೆಗೆದರೆ ಗಡಗಡ ನಡುಗುತ್ತದೆ."

"ನಮ್ಮ ಪೈಲ್ವಾನ ಬೈಠಕ್ ಹೊಡೆದು ಎದ್ದ ಹಾಗೆ" ಅಂದರು ಮಾಸ್ತರು.

ಅವನು ಬಿಡಲಿಲ್ಲ. "ಕ್ರೀಮ್ ಚೀಸ್ 100 ಗ್ರಾಮಿಗೆ ಮೂವತ್ತು ಗ್ರಾಮಿಗಿಂತ ಜಾಸ್ತಿ ಕೊಬ್ಬು. ಪ್ರೋಟೀನು 6 ಗ್ರಾಮಿನ ಆಸುಪಾಸು. ಯಾರಿಗೆ ಬೇಕು ಅದು? ನನ್ನದು ಹಗುರ."

ಮಾತೇನೋ ಸರಿ. ಆದರೆ ಅವನ ಕೇಕು ಡಬ್ಬಿಯಲ್ಲಿ ತೇಲುತ್ತಿತ್ತು. ಪಾಕೀಟಿನ ಮೊಸರನ್ನು ಹಾಗೇ ಸುರಿದಿದ್ದಾನೆ. ಅದರಲ್ಲಿ 100 ಗ್ರಾಮಿಗೆ ಮೂರೋ ನಾಲ್ಕೋ ಗ್ರಾಂ ಪ್ರೋಟೀನು, ಉಳಿದದ್ದು ಬಹುಪಾಲು ನೀರು.

"ಬಟ್ಟೆಯಲ್ಲಿ ಕಟ್ಟಿ ತೂಗು ಹಾಕಬೇಕಿತ್ತು ಪೈಲ್ವಾನರೇ" ಅಂದರು ವೈನಿ. "ನೀರು ಇಳಿದುಹೋಗುತ್ತದೆ, ಪ್ರೋಟೀನು ಬಹುಪಾಲು ಬಟ್ಟೆಯಲ್ಲೇ ಉಳಿಯುತ್ತದೆ. ಅದೇ ಮೊಸರು ದುಪ್ಪಟ್ಟು ಗಟ್ಟಿ. ನೀವು ಗ್ರೀಕ್ ಯೋಗರ್ಟ್ ಅಂತ ಸಣ್ಣ ಕಪ್ಪಿಗೆ ದುಡ್ಡು ಸುರಿಯುತ್ತೀರಲ್ಲ, ಅದೂ ನೀರು ಬಸಿದ ಮೊಸರೇ."

"ಅಂದರೆ ಚಕ್ಕಾ!" ಮಾಸ್ತರು ಕುರ್ಚಿಯಿಂದ ಎದ್ದೇಬಿಟ್ಟರು. "ಸಕ್ಕರೆ, ಏಲಕ್ಕಿ ಹಾಕಿದರೆ ಶ್ರೀಖಂಡ. ಬಿಸ್ಕಿಟ್ ಚುಚ್ಚಿದರೆ ಜಪಾನು. ಪಾಸ್‌ಪೋರ್ಟ್ ಎಷ್ಟು ಅಗ್ಗ ಆಯಿತು ನೋಡ್ರಿ!"

ಇಲ್ಲಿ ಒಂದು ಸೂಕ್ಷ್ಮ ಇದೆ. ಚಕ್ಕಾವನ್ನು ಶ್ರೀಖಂಡಕ್ಕೆ ಕಟ್ಟುವಷ್ಟು ಹೊತ್ತು ಕಟ್ಟಬಾರದು. ಬಿಸ್ಕಿಟ್ ಕೇಕಿನ ಹಾಗೆ ಮೆತ್ತಗಾಗುವುದೇ ಮೊಸರಿನ ನೀರು ಕುಡಿದು. ಪೂರ್ತಿ ಬಸಿದರೆ ಅದು ಕುಡಿಯುವುದಾದರೂ ಏನನ್ನು? ಬೆಳಿಗ್ಗೆ ನೋಡಿದರೆ ನಡುವೆ ಕಟುಂ ಅನ್ನುತ್ತದೆ. ಜಾಸ್ತಿ ಗಟ್ಟಿಯಾದರೆ ಒಂದೆರಡು ಚಮಚ ಹಾಲು ಕಲಸಿದರೆ ಸಾಕು. ಬಿಸ್ಕಿಟ್ ಮಾರೀ ಆದರೆ ಒಳ್ಳೆಯದು, ಸಕ್ಕರೆ ಕಡಿಮೆ. ಬಿಸ್ಕಿಟ್‌ನಿಂದ ಪ್ರೋಟೀನು ಸಿಗುತ್ತದೆ ಅಂತ ಮಾತ್ರ ಯಾರೂ ಲೆಕ್ಕ ಬರೆಯಬೇಡಿ. ಅದು ಮೈದಾ.

"ನಾನು ಪ್ರೋಟೀನ್ ಪೌಡರ್ ಕೂಡ ಹಾಕಿದ್ದೇನೆ" ಅಂದ ಪೈಲ್ವಾನ.

"ಅದಕ್ಕೇ ಬಾಯಿಯೆಲ್ಲ ಪುಡಿಪುಡಿ" ಅಂದೆ. ಸುಮ್ನೆ ಹಾಕುವುದೇಕೆ? ಒಂದು ದೊಡ್ಡ ಬಟ್ಟಲು ಚಕ್ಕಾ ತಿಂದರೆ ಎರಡು ಮೊಟ್ಟೆಯಷ್ಟು ಪ್ರೋಟೀನು ಬಂತು.

"ಸಿಹಿಗೆ ಏನು ಹಾಕುತ್ತೀ?" ಮಾಸ್ತರು ಮೆಲ್ಲಗೆ ಕೇಳಿದರು.

ಪೈಲ್ವಾನ ನೆಲ ನೋಡಿದ. "ಮೇಲೆ ಸ್ವಲ್ಪ ಕುಂದಾ."

"ಎಷ್ಟು ಸ್ವಲ್ಪ?"

"ಕಾಲು ಕಿಲೋ."

ಹಾಲನ್ನು ಬತ್ತಿಸಿ, ಸಕ್ಕರೆ ಹಾಕಿ, ಕಂದು ಬಣ್ಣ ಬರುವ ತನಕ ಕಾಯಿಸಿದ ಕುಂದಾ! ಹಗುರ ಅನ್ನುವುದು ಅಲ್ಲಿಗೇ ಹಾರಿಹೋಯಿತು. ಅದರಲ್ಲೂ ಹಾಲಿನ ಪ್ರೋಟೀನೇ ಇರುವುದು ಅಲ್ವಾ ಅಂತ ಅವನ ವಾದ. ಬೆಳಗಾವಿಯವನು ಕುಂದಾದ ಪರ ವಾದ ಮಾಡಿದರೆ ಎದುರು ನಿಲ್ಲುವ ವಕೀಲ ಈ ಊರಿನಲ್ಲಿ ಸಿಗುವುದಿಲ್ಲ.

ಕೊನೆಗೆ ಅವತ್ತೇ ಮೊಸರು ಕಟ್ಟುವುದು ಅಂತಾಯಿತು. ತೆಳ್ಳನೆಯ ಬಟ್ಟೆ ಬೇಕಲ್ಲ. ವೈನಿ ಒಳಗೆ ಹೋಗಿ ಬಿಳೀ ಬಟ್ಟೆಯೊಂದನ್ನು ತಂದು ಪೈಲ್ವಾನನ ಕೈಗಿಟ್ಟರು.

"ಅಯ್ಯೋ, ಅದು ನನ್ನ ಧೋತರ!" ಮಾಸ್ತರು ಕೂಗಿದರು.

"ಒಗೆದದ್ದೇ ಇದೆ" ಅಂದರು ವೈನಿ. "ಪೈಲ್ವಾನರೇ, ಗಟ್ಟಿಯಾಗಿ ಹಿಂಡಿ."