‘ಪವರ್’, ‘ಕೆಪಾಸಿಟಿ’ ಎರಡೂ ‘ಸಾಮರ್ಥ್ಯ’ವೇ? ಶೆಡ್ಯೂಲರ್ ಕುರಿತ ಬರಹಕ್ಕೆ ಪದಗಳು ಬೇಕಾಗಿವೆ

ಮಾನ್ಯರೇ,

ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ನಲ್ಲಿ, ಯಾವ ಕೆಲಸ ಯಾವಾಗ ಎಲ್ಲಿ ನಡೆಯಬೇಕೆಂದು ನಿರ್ಧರಿಸುವ ಶೆಡ್ಯೂಲರ್ ಪ್ರೊಸೆಸರ್‌ನ ವೇಗವನ್ನೂ ಅದು ಎಳೆಯುವ ವಿದ್ಯುತ್ತನ್ನೂ ಹೇಗೆ ಹತೋಟಿಯಲ್ಲಿಡುತ್ತದೆ ಎಂಬುದನ್ನು ವಿವರಿಸುವ ಲೇಖನವೊಂದನ್ನು ಬರೆಯುತ್ತಿದ್ದೇನೆ. ಶಾಲಾ ಪಠ್ಯಗಳಲ್ಲಿ ನೆಲೆಗೊಂಡ ಪದಗಳನ್ನೇ ಬಳಸಬೇಕೆಂಬುದು ನನ್ನ ಇಚ್ಛೆ. ಆದರೆ ಈ ವಿಷಯದಲ್ಲಿ ಅವು ಒಂದರ ಮೇಲೊಂದು ಬಿದ್ದು ಗೊಂದಲವಾಗುತ್ತಿರುವುದರಿಂದ ಬಲ್ಲವರ ಅಭಿಪ್ರಾಯ ಕೇಳುತ್ತಿದ್ದೇನೆ.

ದೊಡ್ಡ ತೊಡಕು ‘ಸಾಮರ್ಥ್ಯ’ದ್ದು. ಭೌತವಿಜ್ಞಾನದ ಪಠ್ಯಗಳಲ್ಲಿ ಜೂಲ್‌ನಲ್ಲಿ ಅಳೆಯುವ ಎನರ್ಜಿಗೆ ‘ಶಕ್ತಿ’ ಎಂದೂ ವ್ಯಾಟ್‌ನಲ್ಲಿ ಅಳೆಯುವ ಪವರ್‌ಗೆ ‘ಸಾಮರ್ಥ್ಯ’ ಎಂದೂ ಇದೆ. ಇತ್ತ 2019ರಲ್ಲಿ ಬಂದ ಲಿನಕ್ಸ್ 5.0ರಲ್ಲಿ ಎನರ್ಜಿ ಅವೇರ್ ಶೆಡ್ಯೂಲಿಂಗ್ ಸೇರಿತು; ಒಂದೇ ಚಿಪ್‌ನಲ್ಲಿ ದೊಡ್ಡ ಮತ್ತು ಚಿಕ್ಕ ಕೋರ್‌ಗಳಿದ್ದಾಗ (ಕೋರ್ ಎಂದರೆ ಪ್ರೊಸೆಸರ್‌ನೊಳಗೆ ಕೆಲಸ ನಡೆಸುವ ಬಿಡಿ ಘಟಕ), ಹೊಸದಾಗಿ ಎದ್ದ ಕೆಲಸವನ್ನು ಯಾವ ಕೋರ್‌ಗೆ ಕೊಟ್ಟರೆ ಒಟ್ಟು ಶಕ್ತಿ ಕಡಿಮೆ ಖರ್ಚಾಗುತ್ತದೆ ಎಂದು ಅದು ಅಂದಾಜು ಮಾಡುತ್ತದೆ. ಈ ಅಂದಾಜಿಗೆ ಪ್ರತಿ ಕೋರ್‌ನ ‘ಕೆಪಾಸಿಟಿ’ ತಿಳಿದಿರಬೇಕು. ಅತಿ ಬಲಿಷ್ಠ ಕೋರ್ ತನ್ನ ಗರಿಷ್ಠ ವೇಗದಲ್ಲಿ ಮಾಡುವ ಕೆಲಸವನ್ನು 1024 ಎಂದು ಹಿಡಿದು ಉಳಿದವುಗಳನ್ನು ಅದಕ್ಕೆ ಹೋಲಿಸಿ ಅಳೆಯುತ್ತಾರೆ. ಕೆಪಾಸಿಟಿಗೂ ನಾವು ‘ಸಾಮರ್ಥ್ಯ’ ಎಂದೇ ಬರೆಯುವುದು ರೂಢಿ. ಹೀಗಾಗಿ ನನ್ನ ಕರಡಿನಲ್ಲಿ ‘ಸಾಮರ್ಥ್ಯ ಹೆಚ್ಚಿರುವ ಕೋರ್‌ನ ಸಾಮರ್ಥ್ಯವೂ ಹೆಚ್ಚು’ ಎಂಬ ವಾಕ್ಯ ಉಳಿದಿದೆ. ಅದು ಸರಿಯಾದ ಮಾತೇ, ಆದರೆ ಓದುಗರಿಗೆ ಏನನ್ನೂ ಹೇಳುವುದಿಲ್ಲ.

ಪತ್ರಿಕೆಗಳಂತೆ ಪವರ್, ಎನರ್ಜಿ ಎರಡನ್ನೂ ‘ಶಕ್ತಿ’ ಎಂದುಬಿಡಬಹುದಲ್ಲ ಎಂದು ಕೆಲವರಿಗೆ ಅನಿಸೀತು. ಇಲ್ಲಿ ಅದು ಸಲ್ಲದು. ಪ್ರೊಸೆಸರ್ ದುಡಿಯುವಾಗ ಎಳೆಯುವ ಪವರ್ ಸ್ಥೂಲವಾಗಿ ವೋಲ್ಟೇಜಿನ ವರ್ಗಕ್ಕೂ ಗಡಿಯಾರದ ವೇಗಕ್ಕೂ ಅನುಪಾತದಲ್ಲಿರುತ್ತದೆ. ವೇಗವನ್ನು ಅರ್ಧಕ್ಕಿಳಿಸಿ, ಅದರ ಜೊತೆಗೆ ವೋಲ್ಟೇಜನ್ನು ಶೇ. 80ಕ್ಕೆ ತಂದೆವೆನ್ನೋಣ: 0.8ರ ವರ್ಗ 0.64, ಅದರ ಅರ್ಧ 0.32, ಅಂದರೆ ಪವರ್ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕೆಳಗಿಳಿಯಿತು. ಆದರೆ ಅದೇ ಕೆಲಸಕ್ಕೆ ಎರಡರಷ್ಟು ಹೊತ್ತು ಹಿಡಿಯುವುದರಿಂದ ಎನರ್ಜಿ ಇಳಿದದ್ದು 0.64ಕ್ಕೆ ಮಾತ್ರ. ವೋಲ್ಟೇಜ್ ಇಳಿಯದೇ ಹೋಗಿದ್ದರೆ ಪವರ್ ಅರ್ಧವಾಗುತ್ತಿತ್ತು, ಎನರ್ಜಿ ಮಾತ್ರ ಇದ್ದಷ್ಟೇ ಇರುತ್ತಿತ್ತು. ಚಿಪ್ ಎಚ್ಚರವಿರುವಷ್ಟು ಹೊತ್ತೂ ಸೋರುವ ವಿದ್ಯುತ್ತನ್ನು ಸೇರಿಸಿದರೆ ನಷ್ಟವೇ ಆಗುತ್ತಿತ್ತು. ಬೇಗ ಮುಗಿಸಿ ಬೇಗ ಮಲಗುವುದು ಲೇಸೋ, ನಿಧಾನವಾಗಿ ದುಡಿಯುವುದು ಲೇಸೋ ಎಂಬ ಹಳೆಯ ವಾದವೆಲ್ಲ ನಿಂತಿರುವುದೇ ಈ ವ್ಯತ್ಯಾಸದ ಮೇಲೆ.

‘ಶಕ್ತಿ’ಯನ್ನು ಎನರ್ಜಿಗೇ ಮೀಸಲಿಟ್ಟು, ಪವರ್‌ಗೆ ಪಠ್ಯದ ‘ಸಾಮರ್ಥ್ಯ’ವನ್ನು ಉಳಿಸಿಕೊಂಡು, ಕೆಪಾಸಿಟಿಗೆ ‘ಕ್ಷಮತೆ’ ಎಂದು ಬರೆಯುವುದು ನನಗೆ ತೋಚಿದ ದಾರಿ. ಇಲ್ಲಿ ಅಳೆಯುವುದು ಕೋರ್ ಎಷ್ಟು ಕೆಲಸ ಮುಗಿಸಬಲ್ಲದು ಎಂಬುದನ್ನೇ ಆದ್ದರಿಂದ, ‘ಕಾರ್ಯಕ್ಷಮತೆ’ಯ ನೆನಪು ತರುವುದೂ ಒಳ್ಳೆಯದೇ. ಪವರ್ ಎಂದೇ ಬರೆದುಬಿಡಿ ಎನ್ನುವವರ ಮಾತನ್ನೂ ನಾನು ತಳ್ಳಿಹಾಕಲಾರೆ.

ಎರಡನೆಯದು ಫ್ರೀಕ್ವೆನ್ಸಿ. ಪಠ್ಯದಲ್ಲಿ ಅದು ‘ಆವೃತ್ತಿ’. ತಂತ್ರಾಂಶದವರಿಗೆ ಆವೃತ್ತಿ ಎಂದರೆ ವರ್ಷನ್. ‘4.7ನೇ ಆವೃತ್ತಿಯಿಂದ ಆವೃತ್ತಿಯನ್ನು ಶೆಡ್ಯೂಲರ್‌ನ ಲೆಕ್ಕದಂತೆ ನಿರ್ಧರಿಸಬಹುದು’ ಎಂದರೆ ಓದುಗರು ಎಡವದೆ ಇರಲಾರರು. ‘ವೇಗ’ ಎನ್ನೋಣವೆಂದರೆ, ಒಂದೇ ಗಿಗಾಹರ್ಟ್ಸ್‌ನಲ್ಲಿ ಓಡುವ ದೊಡ್ಡ ಕೋರ್ ಚಿಕ್ಕ ಕೋರ್‌ಗಿಂತ ಬೇಗ ಕೆಲಸ ಮುಗಿಸುತ್ತದೆ. ಹಾಗಾಗಿ ಕೋರ್‌ಗಳನ್ನು ಹೋಲಿಸುವಾಗ ಆ ಪದ ದಾರಿ ತಪ್ಪಿಸುತ್ತದೆ. ‘ಗಡಿಯಾರದ ವೇಗ’ ಉದ್ದವಾದರೂ ನನಗೆ ಒಪ್ಪಿಗೆ.

ಇನ್ನು ‘ಗವರ್ನರ್’. ವೇಗ ಎಷ್ಟಿರಬೇಕೆಂದು ತೀರ್ಮಾನಿಸುವ ಕರ್ನೆಲ್‌ನ ಭಾಗಕ್ಕೆ ಈ ಹೆಸರು. 2016ರಲ್ಲಿ ಬಂದ ಸ್ಕೆಡ್‌ಯುಟಿಲ್ ಎಂಬ ಗವರ್ನರ್, ಕೋರ್ ಎಷ್ಟು ಬಳಕೆಯಲ್ಲಿದೆ ಎಂಬ ಶೆಡ್ಯೂಲರ್‌ನ ಅಂದಾಜಿಗೆ ಕಾಲು ಭಾಗ ಸೇರಿಸಿ ಗಡಿಯಾರದ ವೇಗವನ್ನು ಆರಿಸುತ್ತದೆ: ಗರಿಷ್ಠ 2 ಗಿಗಾಹರ್ಟ್ಸ್‌ನ ಕೋರ್ 1024ಕ್ಕೆ 512ರಷ್ಟು ಬಳಕೆಯಲ್ಲಿದ್ದರೆ 1.25 ಗಿಗಾಹರ್ಟ್ಸ್ ಕೇಳುತ್ತದೆ. ‘ವೇಗನಿಯಂತ್ರಕ’ ಎಂಬ ಪದ ಯಂತ್ರಶಾಸ್ತ್ರದಿಂದ ಸಿದ್ಧವಾಗಿ ಸಿಗುತ್ತದೆ. ಆದರೆ ಜೇಮ್ಸ್ ವ್ಯಾಟ್‌ನ ಉಗಿಯಂತ್ರದ ಗವರ್ನರ್ ಹೊರೆ ಬದಲಾದರೂ ವೇಗ ಬದಲಾಗದಂತೆ ನೋಡಿಕೊಳ್ಳುತ್ತಿತ್ತು, ಇದು ಹೊರೆಗೆ ತಕ್ಕಂತೆ ವೇಗವನ್ನೇ ಬದಲಿಸುತ್ತದೆ. (ಪವರ್‌ನ ಮಾನಕ್ಕೆ ಇರುವುದೂ ಅದೇ ವ್ಯಾಟ್‌ನ ಹೆಸರು.) ಜೊತೆಗೆ, ಕೋರ್ ಎಷ್ಟು ಆಳವಾಗಿ ಮಲಗಬೇಕೆಂದು ತೀರ್ಮಾನಿಸುವ ಗವರ್ನರ್‌ಗಳೂ ಕರ್ನೆಲ್‌ನಲ್ಲಿವೆ, ವೇಗದ ಗೊಡವೆಯೇ ಇಲ್ಲದ ಅವನ್ನು ವೇಗನಿಯಂತ್ರಕ ಎನ್ನುವುದು ಹೇಗೆ? ‘ರಾಜ್ಯಪಾಲ’ವನ್ನಂತೂ ಯಾರೂ ಸೂಚಿಸುವುದಿಲ್ಲವೆಂದು ನಂಬಿದ್ದೇನೆ.

ಉತ್ತರಿಸುವವರು ಬಿಡಿಪದಗಳ ಬದಲು ಈ ವಾಕ್ಯವನ್ನು ತಮ್ಮ ಪದಗಳಲ್ಲಿ ಬರೆದು ತೋರಿಸಿದರೆ ಹೆಚ್ಚು ಉಪಕಾರವಾಗುತ್ತದೆ: ‘ಕಡಿಮೆ ಕೆಪಾಸಿಟಿಯ ಕೋರ್ ಕಡಿಮೆ ಪವರ್ ಎಳೆದರೂ, ಕೆಲಸ ಮುಗಿಸಲು ಹೆಚ್ಚು ಹೊತ್ತು ತೆಗೆದುಕೊಂಡರೆ ಹೆಚ್ಚು ಎನರ್ಜಿ ಖರ್ಚು ಮಾಡಬಹುದು, ಆದ್ದರಿಂದ ಗವರ್ನರ್ ಆರಿಸುವ ಫ್ರೀಕ್ವೆನ್ಸಿ ಏನಿರಬಹುದೆಂಬುದನ್ನು ಶೆಡ್ಯೂಲರ್ ಮೊದಲೇ ಊಹಿಸುತ್ತದೆ.’