ನಾಲ್ಕು ಲಕ್ಷಕ್ಕೆ ಜಾಲತಾಣ: ಬೆಲೆ ಯಾವುದಕ್ಕೆ?

ತಿಕೋಟಾದ ಬೆಳೆಗಾರ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಒಣದ್ರಾಕ್ಷಿಯ ದರವನ್ನು ದಿನವೂ ಸಂಜೆ ಪ್ರಕಟಿಸುವ ಚಿಕ್ಕ ಜಾಲತಾಣವೊಂದನ್ನು ಆರು ವರ್ಷಗಳಿಂದ ನಡೆಸುತ್ತಿದ್ದೇನೆ. ವಿಜಯಪುರದ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನನ್ನ ಸೋದರಮಾವ ಫೋನಿನಲ್ಲಿ ಹೇಳುವ ದರಗಳನ್ನು ಹಸಿರು, ಹಳದಿ, ಕಪ್ಪು ಎಂದು ಬೇರ್ಪಡಿಸಿ ನಾನೇ ತುಂಬುತ್ತೇನೆ. ಕಳೆದ ವಾರ ಒಬ್ಬರು ಈ ತಾಣವನ್ನು ನಾಲ್ಕು ಲಕ್ಷ ರೂಪಾಯಿಗೆ ಕೇಳಿದ್ದಾರೆ. ಐವತ್ತು ಚಿಲ್ಲರೆ ನೌಕರರಿದ್ದ ವಾಟ್ಸ್‌ಆ್ಯಪ್‌ಗೆ ಫೇಸ್‌ಬುಕ್ 2014ರಲ್ಲಿ 1,900 ಕೋಟಿ ಡಾಲರ್ ಕೊಡಲು ಒಪ್ಪಿತ್ತು ಎಂದು ಓದಿದ್ದೇನೆ. ಹೊಲಕ್ಕಾದರೆ ಎಕರೆಯ ಲೆಕ್ಕವಿದೆ. ತಾಣಕ್ಕೆ ಬೆಲೆ ಕಟ್ಟುವುದು ಯಾವ ಲೆಕ್ಕದಲ್ಲಿ?

ಬಾಗಲಕೋಟೆಯ ಲೆಕ್ಕಿಗ:
ವಾಟ್ಸ್‌ಆ್ಯಪ್‌ಗೆ ಆಗ ಸುಮಾರು 45 ಕೋಟಿ ಬಳಕೆದಾರರಿದ್ದರು, ಅಂದರೆ ತಲೆಗೆ 42 ಡಾಲರ್ ಬಿದ್ದಂತಾಯಿತು. ಅದರ ಆದಾಯವನ್ನು ನೋಡಿ ಯಾರೂ ಅಷ್ಟು ಕೊಡುತ್ತಿರಲಿಲ್ಲ. ಈ ಜನರೆಲ್ಲ ನಾಳೆ ಎದುರಾಳಿಯ ಕೈ ಸೇರಿದರೆ ಏನು ಗತಿ ಎಂಬ ಅಂಜಿಕೆಯೂ ಆ ಬೆಲೆಯಲ್ಲಿ ಸೇರಿತ್ತು ಎಂಬುದು ನನ್ನ ಅಭಿಪ್ರಾಯ; 2012ರಲ್ಲಿ ಕೇವಲ 13 ನೌಕರರ ಇನ್‌ಸ್ಟಾಗ್ರಾಮ್‌ಗೆ 100 ಕೋಟಿ ಡಾಲರ್ ಘೋಷಿಸಿದ್ದೂ ಇದೇ ಫೇಸ್‌ಬುಕ್. ಇನ್ನೊಂದು ಮಾತನ್ನು ಗಮನಿಸಬೇಕು: ಆ 1,900 ಕೋಟಿಯಲ್ಲಿ ನಗದು 400 ಕೋಟಿ ಮಾತ್ರ, ಉಳಿದುದೆಲ್ಲ ಷೇರು. ತಮಗೆ ಬಂದಿರುವ ನಾಲ್ಕು ಲಕ್ಷ ಪೂರ್ತಿ ನಗದೋ, ಕಂತೋ ಎಂಬುದನ್ನು ಮೊದಲು ಕೇಳಿಕೊಳ್ಳಿ.

ಖಡೇಬಜಾರ್, ಬೆಳಗಾವಿ:
ಕೊಂಡವರೆಲ್ಲ ಜಾಣರೆಂದು ತಿಳಿಯಬೇಕಾಗಿಲ್ಲ. ಅಮೆರಿಕದ ಅಂತರ್ಜಾಲ ಕಂಪನಿ ಯಾಹೂ 1999ರಲ್ಲಿ, ಜಾಲದಲ್ಲಿ ರೇಡಿಯೋ ಕೇಳಿಸುತ್ತಿದ್ದ ಬ್ರಾಡ್‌ಕಾಸ್ಟ್ ಡಾಟ್ ಕಾಮ್‌ಗೆ 570 ಕೋಟಿ ಡಾಲರ್ ಸುರಿಯಿತು. ಅದೇ ವರ್ಷ ಕೊಂಡ, ಜನ ತಮ್ಮ ಸ್ವಂತ ಪುಟ ಕಟ್ಟಿಕೊಳ್ಳುತ್ತಿದ್ದ ಜಿಯೋಸಿಟೀಸ್ ಅನ್ನು ಹತ್ತು ವರ್ಷದಲ್ಲಿ ಅಮೆರಿಕದಲ್ಲಿ ಮುಚ್ಚಿತು. ನಮ್ಮಲ್ಲಿಯೂ 1999ರ ನವೆಂಬರಿನಲ್ಲಿ ಇಂಟರ್ನೆಟ್ ಸೇವೆಯ ಸತ್ಯಂ ಇನ್ಫೋವೇ ಕಂಪನಿಯು ಖೋಜ್, ಸಮಾಚಾರ್, ಬಾವರ್ಚಿ ಮುಂತಾದ ತಾಣಗಳಿದ್ದ ಇಂಡಿಯಾವರ್ಲ್ಡ್ ಅನ್ನು 499 ಕೋಟಿ ರೂಪಾಯಿಗೆ ಕೊಳ್ಳಲು ಒಪ್ಪಿತು, ಮರುವರ್ಷವೇ ಡಾಟ್‌ಕಾಮ್ ಎಂಬ ಜಾಲ ಕಂಪನಿಗಳ ಸಂತೆ ಮುರಿಯಿತು, ಅವುಗಳ ಬೆಲೆ ಕುಸಿಯಿತು. ಮಾರಿದವರು ಗೆದ್ದರು.
ಹಾಗೆಂದು ಜಗ್ಗಾಡುತ್ತ ಕುಳಿತರೂ ಕಷ್ಟ. 2008ರಲ್ಲಿ ಮೈಕ್ರೋಸಾಫ್ಟ್ ಯಾಹೂವನ್ನೇ 4,460 ಕೋಟಿ ಡಾಲರಿಗೆ ಕೇಳಿದಾಗ ಯಾಹೂ ಕಡಿಮೆಯಾಯಿತೆಂದು ಒಲ್ಲೆನೆಂದಿತು. 2017ರಲ್ಲಿ, ತನ್ನ ಬಳಿಯಿದ್ದ ಚೀನಾದ ಅಲಿಬಾಬಾ ಕಂಪನಿಯ ಷೇರುಗಳನ್ನು ಬಿಟ್ಟು, ಯಾಹೂವಿನ ಮೂಲ ವ್ಯವಹಾರ ಅಮೆರಿಕದ ದೂರಸಂಪರ್ಕ ಕಂಪನಿ ವೆರಿಜಾನ್‌ಗೆ 448 ಕೋಟಿ ಡಾಲರಿಗೆ ಹೋಯಿತು.

ಇಳಕಲ್ ಅಂಗಡಿ:
ಕೇಳಿದವರಿಗೆ ಬೇಕಾದದ್ದು ಹೆಸರೇ, ಓದುಗರೇ, ದರಗಳೇ? ಬರೀ ಹೆಸರಿಗೂ ಬೆಲೆಯುಂಟು. ವಾಯ್ಸ್ ಡಾಟ್ ಕಾಮ್ ಎಂಬ ವಿಳಾಸವೊಂದೇ 2019ರಲ್ಲಿ 3 ಕೋಟಿ ಡಾಲರಿಗೆ ಮಾರಾಟವಾಯಿತು. ಆದರೆ ತಮ್ಮ ತಾಣದ ಹೆಸರು ನೋಂದಣಿಯಲ್ಲಿ ತಮ್ಮದೇ ಆಗಿದೆಯೇ ಎಂದು ಇಂದೇ ನೋಡಿ. ನಮ್ಮ ಸೀರೆ ಅಂಗಡಿಯ ತಾಣ ಮಾಡಿಕೊಟ್ಟವನು ಹೆಸರನ್ನು ತನ್ನ ಇಮೇಲ್‌ನಲ್ಲಿ ನೋಂದಾಯಿಸಿಕೊಂಡಿದ್ದ. ಅದನ್ನು ಬಿಡಿಸಿಕೊಳ್ಳಲು ಒಂದು ದೀಪಾವಳಿಯ ವ್ಯಾಪಾರ ಕಳೆದುಕೊಂಡೆವು. ಹೆಸರಿನ ವರ್ಗಾವಣೆಗೆ ಬೇಕಾದ ಗುಪ್ತಸಂಕೇತವನ್ನು, ಹಣ ಮಧ್ಯಸ್ಥ ಖಾತೆಗೆ (ವ್ಯವಹಾರ ಮುಗಿಯುವವರೆಗೆ ಮೂರನೆಯವರು ಹಣ ಹಿಡಿದಿಡುವ ಖಾತೆ) ಬಂದು ಬೀಳುವವರೆಗೆ ಕೊಡಬೇಡಿ.

ತಿಕೋಟಾದ ಬೆಳೆಗಾರ:
ಎಲ್ಲರಿಗೂ ಧನ್ಯವಾದ. ನೋಂದಣಿ ನನ್ನ ಹೆಸರಿನಲ್ಲಿಯೇ ಇದೆ. ನೀವು ಹೇಳಿದಂತೆ ಕೇಳಿದಾಗ, ಒಂದು ಲಕ್ಷ ಈಗ, ಉಳಿದುದು ಎರಡು ವರ್ಷದ ಕಂತಿನಲ್ಲಿ, ಅಲ್ಲಿಯವರೆಗೆ ಮಾವನವರು ದಿನವೂ ದರ ಹೇಳುತ್ತಿರಬೇಕು ಎಂದರು. ಮಾವನವರಿಗೆ ತಿಳಿಸಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, ಆರು ವರ್ಷದ ಫೋನ್ ರೀಚಾರ್ಜಿನ ಲೆಕ್ಕ ತೆಗೆದರು.