ಕ್ಯಾನ್ಸರ್ ಚಿಕಿತ್ಸೆ ಶುರುವಾಗುವ ಮುಂಚೆ ಹಣ ಮತ್ತು ನೆರವಿಗೆ ಏನೇನು ಮಾಡಿಕೊಳ್ಳಬೇಕು?

ವಸುಧಾ ಕೇಳಿದ್ದು:

ಹತ್ತಿರದ ಸಂಬಂಧಿಯೊಬ್ಬರಿಗೆ ಸ್ತನ ಕ್ಯಾನ್ಸರ್ ಎಂದು ಬಯಾಪ್ಸಿಯಲ್ಲಿ ಬಂದಿದೆ. ಹರ್2 ಪಾಸಿಟಿವ್, ಅಂದರೆ ಕ್ಯಾನ್ಸರ್ ಕೋಶಗಳಲ್ಲಿ ಹರ್2 ಎಂಬ ಪ್ರೋಟೀನ್ ಹೆಚ್ಚಿರುವ ಬಗೆ. ಡಾಕ್ಟರ್ ಹೇಳಿರುವ ಕ್ರಮ ಹೀಗಿದೆ: ಮೊದಲು ಆರು ಸೈಕಲ್ (ಸುತ್ತು) ಕಿಮೋ, ಆಮೇಲೆ ಆಪರೇಷನ್, ನಂತರ ರೇಡಿಯೇಷನ್. ಇದರ ಜೊತೆಗೆ ಹರ್2 ಅನ್ನು ತಡೆಯುವ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ ಮೂರು ವಾರಕ್ಕೊಂದರಂತೆ ಒಂದು ವರ್ಷ. ತೂಕ 60 ಕೆಜಿ. ಸಂಬಳದ ಕೆಲಸದಲ್ಲಿದ್ದಾರೆ, ಕಂಪನಿ ಕೊಟ್ಟ ಆರೋಗ್ಯ ವಿಮೆ ಇದೆ, ಆದರೆ ಆ ಮೊತ್ತ ಸಾಲುವುದಿಲ್ಲ. ಮನೆಯವರು ಈಗಲೇ ಆಸ್ತಿ ಮಾರುವ ಮಾತಾಡುತ್ತಿದ್ದಾರೆ. ಮೊದಲ ಕಿಮೋಗೆ ಇನ್ನೂ ಕೆಲವು ದಿನ ಇದೆ.

ಅಷ್ಟರೊಳಗೆ ಯಾರನ್ನು ಕಾಣಬೇಕು, ಯಾವ ಕಾಗದ ಮಾಡಿಸಬೇಕು? ಗುಣಕ್ಕೆ ಧಕ್ಕೆಯಾಗದಂತೆ ಖರ್ಚು ಇಳಿಸುವ ದಾರಿ ಇದೆಯೇ? ಕೆಲಸ ಬಿಡಿಸುವುದು ಒಳ್ಳೆಯದೇ? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಸುಜಾತಾ, ಆಸ್ಪತ್ರೆ ಸಮಾಜ ಸೇವಾ ವಿಭಾಗ:

ವಸುಧಾ ಅವರೇ, ಆಸ್ತಿ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ಕೈಗೆ ಸಿಗುವ ನೆರವನ್ನು ಕಳೆದುಕೊಳ್ಳಲು ದೊಡ್ಡ ಕಾರಣ ಬಡತನವೂ ಅಲ್ಲ, ಶಿಫಾರಸಿನ ಕೊರತೆಯೂ ಅಲ್ಲ, ತಡ. ಸರ್ಕಾರಿ ಯೋಜನೆ, ಟ್ರಸ್ಟ್, ಔಷಧಿ ಕಂಪನಿಯ ನೆರವು ಎಲ್ಲವೂ ಹೆಚ್ಚಾಗಿ ಮುಂದೆ ಆಗುವ ಖರ್ಚಿಗೆ ಕೊಡುತ್ತವೆ. ಕಟ್ಟಿಯಾದ ಬಿಲ್ಲಿನ ಹಣ ವಾಪಸ್ ಕೊಡುವವರು ವಿರಳ. ಸಾಲ ಮಾಡಿ ಎರಡು ಸೈಕಲ್ ಮುಗಿಸಿ ಆಮೇಲೆ ಅರ್ಜಿ ಹಾಕಿದರೆ ಆ ಎರಡು ಸೈಕಲ್‌ನ ಖರ್ಚು ನಿಮ್ಮ ತಲೆಯ ಮೇಲೇ ಉಳಿಯುತ್ತದೆ. ಹಾಗಂತ ಅರ್ಜಿಗಾಗಿ ಚಿಕಿತ್ಸೆ ಮುಂದೂಡಲೂಬಾರದು. ಅದಕ್ಕೇ ಈ ಕೆಲವು ದಿನ ಬಹಳ ಮುಖ್ಯ.

ಆಸ್ಪತ್ರೆಯಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರು ಯಾರಿದ್ದಾರೆ ಎಂದು ಕೇಳಿ, ಬಿಲ್ಲಿಂಗ್ ಕೌಂಟರಿಗೆ ಹೋಗುವ ಮುಂಚೆ ಅವರನ್ನು ಕಾಣಿ. ಆ ಹುದ್ದೆಯೇ ಇಲ್ಲದ ಆಸ್ಪತ್ರೆಯಲ್ಲಿ ರೋಗಿ ಸಹಾಯ ಕೇಂದ್ರ ಅಥವಾ ವಿಮಾ ವಿಭಾಗ ಕೇಳಿ. ಯಾವ ನಿಧಿ ಯಾವ ಕ್ಯಾನ್ಸರಿಗೆ, ಯಾವ ಹಂತಕ್ಕೆ ಕೊಡುತ್ತದೆ ಎಂಬುದು ಇವರಿಗೆ ಗೊತ್ತಿರುತ್ತದೆ.

ಮಾಡಿಸಬೇಕಾದ ಮುಖ್ಯ ಕಾಗದ ಎಸ್ಟಿಮೇಟ್ ಲೆಟರ್. ಒಟ್ಟು ಇಷ್ಟಾಗುತ್ತದೆ ಎಂದು ಒಂದೇ ಸಾಲಿನಲ್ಲಿ ಬರೆದುಕೊಟ್ಟರೆ ತೆಗೆದುಕೊಳ್ಳಬೇಡಿ. ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ರೋಗದ ಹೆಸರು, ಹಂತ, ಔಷಧಿಗಳ ಹೆಸರು, ಎಷ್ಟು ಸೈಕಲ್, ಸೈಕಲ್ ಒಂದಕ್ಕೆ ಎಷ್ಟು, ಆಪರೇಷನ್ ಎಷ್ಟು, ರೇಡಿಯೇಷನ್ ಎಷ್ಟು ಎಂದು ಬಿಡಿಬಿಡಿಯಾಗಿ ಇರಬೇಕು. ಡಾಕ್ಟರ್ ಸಹಿ, ಸೀಲು, ತಾರೀಕು, ಆಸ್ಪತ್ರೆಯ ಬ್ಯಾಂಕ್ ಖಾತೆಯ ವಿವರ ಸಹ ಬೇಕು, ಏಕೆಂದರೆ ಟ್ರಸ್ಟ್‌ಗಳು ಹಣವನ್ನು ಸಾಮಾನ್ಯವಾಗಿ ರೋಗಿಯ ಕೈಗೆ ಕೊಡದೆ ನೇರ ಆಸ್ಪತ್ರೆಗೇ ಹಾಕುತ್ತವೆ. ಬಿಡಿಯಾಗಿ ಬರೆಸುವುದರಿಂದ ಇನ್ನೊಂದು ಅನುಕೂಲ: ಒಂದು ಟ್ರಸ್ಟ್‌ಗೆ ರೇಡಿಯೇಷನ್, ಇನ್ನೊಂದಕ್ಕೆ ಎರಡು ಇಂಜೆಕ್ಷನ್ ಎಂದು ಹಂಚಿ ಕೇಳಬಹುದು. ಇಡೀ ವರ್ಷದ ಮೊತ್ತ ಕೇಳಿದರೆ ಯಾವ ಚಿಕ್ಕ ಸಂಸ್ಥೆಗೂ ಆಗುವುದಿಲ್ಲ. ಎರಡು ಡೋಸ್ ಕೊಡಿ ಎಂದರೆ ಬಹಳಷ್ಟು ಸಂಸ್ಥೆಗಳು ಯೋಚಿಸುತ್ತವೆ.

ಎಸ್ಟಿಮೇಟಿನಲ್ಲಿ ಬಿಟ್ಟುಹೋಗುವ ಖರ್ಚುಗಳೂ ಇವೆ. ಪ್ರತಿ ಸೈಕಲ್‌ಗೆ ಮುಂಚಿನ ರಕ್ತ ಪರೀಕ್ಷೆ, ಬಿಳಿ ರಕ್ತಕಣ ಏರಿಸುವ ಇಂಜೆಕ್ಷನ್, ಕಿಮೋ ಪೋರ್ಟ್ ಅಥವಾ ಪಿಕ್ ಲೈನ್ (ಔಷಧಿ ಹಾಕಲು ರಕ್ತನಾಳಕ್ಕೆ ಕೂಡಿಸುವ ಕೊಳವೆ) ಮತ್ತು ಅದು ಕಟ್ಟಿಕೊಳ್ಳದಂತೆ ತೊಳೆಯುವ ಫ್ಲಶಿಂಗ್, ಟ್ರಾಸ್ಟುಜುಮ್ಯಾಬ್ ನಡೆಯುವಷ್ಟು ಕಾಲ ಸುಮಾರು ಮೂರು ತಿಂಗಳಿಗೊಮ್ಮೆ ಎಕೋ (ಹೃದಯದ ಸ್ಕ್ಯಾನ್). ಇವನ್ನೂ ಸೇರಿಸಿ ಬರೆಸಿ. ಇನ್ನೂ ಮುಖ್ಯವಾದದ್ದು: ಮೊದಲು ಕಿಮೋ ಕೊಟ್ಟು ಆಮೇಲೆ ಆಪರೇಷನ್ ಮಾಡಿದಾಗ, ತೆಗೆದ ಭಾಗದಲ್ಲಿ ಕ್ಯಾನ್ಸರ್ ಇನ್ನೂ ಉಳಿದಿತ್ತೆಂದು ಪ್ಯಾಥಾಲಜಿ ರಿಪೋರ್ಟ್ ಬಂದರೆ ಮುಂದಿನ ಔಷಧಿ ಬದಲಾಗಬಹುದು. ಬದಲಿಗೆ ಕೊಡುವ ಔಷಧಿ ಟ್ರಾಸ್ಟುಜುಮ್ಯಾಬ್‌ಗಿಂತ ಬಹಳ ದುಬಾರಿ. ಹಾಗೇನಾದರೂ ಆದರೆ ಖರ್ಚು ಎಷ್ಟಕ್ಕೆ ಹೋಗುತ್ತದೆ ಎಂದು ಡಾಕ್ಟರನ್ನು ಈಗಲೇ ಕೇಳಿ. ಇದ್ದಬದ್ದ ಹಣವನ್ನೆಲ್ಲ ಮೊದಲರ್ಧದಲ್ಲೇ ಮುಗಿಸಬಾರದು.

ಅರ್ಜಿಗಳು ತಿರಸ್ಕಾರವಾಗುವುದು ಹೆಚ್ಚಾಗಿ ಸಣ್ಣ ಕಾರಣಕ್ಕೆ. ಗುರುತಿನ ಚೀಟಿಯಲ್ಲಿ ಒಂದು ಹೆಸರು, ಬಯಾಪ್ಸಿ ರಿಪೋರ್ಟಿನಲ್ಲಿ ಇನಿಷಿಯಲ್ ಬೇರೆ, ಬ್ಯಾಂಕ್ ಪುಸ್ತಕದಲ್ಲಿ ಗಂಡನ ಹೆಸರು ಸೇರಿಕೊಂಡಿರುತ್ತದೆ. ಮೊದಲ ದಿನವೇ ಆಸ್ಪತ್ರೆಯ ನೋಂದಣಿಯಲ್ಲಿ ಗುರುತಿನ ಚೀಟಿಯಲ್ಲಿ ಇರುವಂತೆಯೇ ಅಕ್ಷರ ಅಕ್ಷರ ನೋಡಿ ಬರೆಸಿ. ಆಮೇಲೆ ತಿದ್ದಿಸಲು ಹೋದರೆ ಹತ್ತು ರಿಪೋರ್ಟ್ ತಿದ್ದಿಸಬೇಕಾಗುತ್ತದೆ. ಎಸ್ಟಿಮೇಟ್‌ನ ತಾರೀಕು ಹಳೆಯದಾಗಿದ್ದರೂ ವಾಪಸ್ ಬರುತ್ತದೆ. ಬೇರೆ ಕಡೆಯಿಂದ ಬಂದ ನೆರವನ್ನು ಮುಚ್ಚಿಡಬೇಡಿ. ಟ್ರಸ್ಟ್‌ಗಳು ಆಸ್ಪತ್ರೆಗೆ ಫೋನ್ ಮಾಡಿ ಕೇಳುತ್ತವೆ, ಮುಚ್ಚಿಟ್ಟದ್ದು ಗೊತ್ತಾದರೆ ಮಂಜೂರಾದದ್ದೂ ನಿಲ್ಲುತ್ತದೆ. ಮೂಲ ಪ್ರತಿ ಯಾರಿಗೂ ಕೊಡಬೇಡಿ, ನಕಲಿಗೆ ದೃಢೀಕರಣ ಹಾಕಿಸಿ ಕೊಡಿ.

ಔಷಧಾಲಯ:

ಆಸ್ಪತ್ರೆ ಫಾರ್ಮಸಿಯ ಕಡೆಯಿಂದ ಒಂದಿಷ್ಟು. ಸುಜಾತಾ ಮೇಡಂ ಹಣ ತರುವ ದಾರಿ ಹೇಳಿದ್ದಾರೆ, ನಾನು ಖರ್ಚು ಇಳಿಸುವ ದಾರಿ ಹೇಳುತ್ತೇನೆ. ಇದರಲ್ಲಿ ಯಾವುದನ್ನೂ ನೀವೇ ನಿರ್ಧರಿಸುವಂತಿಲ್ಲ, ಆದರೆ ಎಲ್ಲವನ್ನೂ ಕೇಳುವ ಹಕ್ಕು ನಿಮಗಿದೆ.

ಮೊದಲನೆಯದು ಬಯೋಸಿಮಿಲರ್, ಅಂದರೆ ಮೂಲ ಬ್ರ್ಯಾಂಡ್‌ನ ಔಷಧಿಗೆ ಬಹಳ ಹತ್ತಿರವಾಗುವಂತೆ ಬೇರೆ ಕಂಪನಿ ತಯಾರಿಸಿದ ಔಷಧಿ. ಟ್ರಾಸ್ಟುಜುಮ್ಯಾಬ್ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿತು. 2019ರಲ್ಲಿ ಅದೇ ಸಂಸ್ಥೆ ಅದರ ಬಯೋಸಿಮಿಲರ್ ಒಂದಕ್ಕೆ ಪೂರ್ವಾರ್ಹತೆ (ಗುಣಮಟ್ಟ ಪರಿಶೀಲಿಸಿ ಕೊಡುವ ಮಾನ್ಯತೆ) ಕೊಟ್ಟಿತು. ಮೂಲ ಬ್ರ್ಯಾಂಡ್‌ಗೂ ಅನುಮೋದಿತ ಬಯೋಸಿಮಿಲರ್‌ಗೂ ಪರಿಣಾಮದಲ್ಲಿ ಗಣನೀಯ ವ್ಯತ್ಯಾಸವಿಲ್ಲ, ಬೆಲೆಯಲ್ಲಿ ಇದೆ. ಅಗ್ಗದ್ದು ಅಂದರೆ ಕಳಪೆ ಎಂಬ ಭಯ ಇಲ್ಲಿ ಬೇಡ.

ಎರಡನೆಯದು ವಯಲ್ (ಇಂಜೆಕ್ಷನ್ ಸೀಸೆ) ಲೆಕ್ಕ. ಇದನ್ನು ಕೇಳುವವರೇ ಕಡಿಮೆ. ಮೂರು ವಾರದ ಕ್ರಮದಲ್ಲಿ ಮೊದಲ ಡೋಸ್ ಕೆಜಿಗೆ 8 ಮಿಲಿಗ್ರಾಂ, ಆಮೇಲಿನವು ಕೆಜಿಗೆ 6. ನಿಮ್ಮವರು 60 ಕೆಜಿ, ಅಂದರೆ ಮೊದಲು 480, ಆಮೇಲೆ ಪ್ರತಿ ಸಲ 360 ಮಿಲಿಗ್ರಾಂ. 150ರ ವಯಲ್ ಆದರೆ 480ಕ್ಕೆ ನಾಲ್ಕು ಒಡೆಯಬೇಕು, 120 ಚೆಲ್ಲಿಹೋಗುತ್ತದೆ. ಡಾಕ್ಟರ್ ಒಪ್ಪಿ 450ಕ್ಕೆ ಇಳಿಸಿದರೆ ಮೂರೇ ಸಾಕು. ಈ ಇಳಿಕೆ ಶೇ. 6ರ ಆಸುಪಾಸು, ಶೇ. 10ರೊಳಗೆ ಡೋಸನ್ನು ಹೀಗೆ ವಯಲ್‌ಗೆ ಹೊಂದಿಸುವುದನ್ನು ಬಹಳಷ್ಟು ಕ್ಯಾನ್ಸರ್ ಕೇಂದ್ರಗಳು ಒಪ್ಪುತ್ತವೆ. 360ಕ್ಕೆ ಮೂರು ವಯಲ್ ಒಡೆದರೆ 90 ವ್ಯರ್ಥ. ಅದೇ ಡೋಸಿನ ಇನ್ನೊಬ್ಬರಿಗೆ ಅದೇ ದಿನ ಕೊಡುವಂತಿದ್ದರೆ ಇಬ್ಬರಿಗೂ ಸೇರಿ ಆರರ ಬದಲು ಐದು ವಯಲ್.

440ರ ಬಹುಡೋಸ್ ವಯಲ್ ಸಿಕ್ಕರೆ ಲೆಕ್ಕವೇ ಬೇರೆ. ಅದರ ಜೊತೆ ಬರುವ ಸಂರಕ್ಷಕ ಬೆರೆಸಿದ ನೀರಿನಲ್ಲೇ ಕಲಸಿದರೆ 2ರಿಂದ 8 ಡಿಗ್ರಿಯಲ್ಲಿ 28 ದಿನ ಇಡಬಹುದು. 21 ದಿನಕ್ಕೊಮ್ಮೆ 360 ತೆಗೆದರೆ ಮೊದಲ ಸಲ 80 ಉಳಿಯುತ್ತದೆ, ಅದನ್ನು ಮುಂದಿನ ಸಲ ಸೇರಿಸಿಕೊಂಡರೆ 160, ಹೀಗೆ 240, 320, 400. ಆರನೆಯ ಡೋಸಿಗೆ ಹೊಸ ವಯಲ್ ಒಡೆಯುವುದೇ ಬೇಡ. ಆರು ಡೋಸ್‌ಗೆ ಐದು ವಯಲ್. ಇದು ಕೆಡುವುದು ಎಲ್ಲಿ ಗೊತ್ತೇ? ಸಾದಾ ಸ್ಟೆರೈಲ್ ವಾಟರ್‌ನಲ್ಲಿ ಕಲಸಿದಾಗ. ಆಗ ಉಳಿದದ್ದನ್ನು ಇಡುವಂತಿಲ್ಲ. ಫ್ರೀಜ್ ಆದರೂ ಹೋಯಿತು. ಉಳಿದ ವಯಲನ್ನು ಮನೆಯ ಫ್ರಿಜ್‌ಗೆ ಒಯ್ಯಲೇಬೇಡಿ. ಹೆಸರು, ಒಡೆದ ತಾರೀಕು, ಗಂಟೆ ಬರೆದು ಫಾರ್ಮಸಿಯಲ್ಲೇ ಇಡಿಸಿ. ಹಾಗೆ ಇಡುವ ವ್ಯವಸ್ಥೆ ಇದೆಯೇ ಎಂದು ಮೊದಲ ಡೋಸಿಗೆ ಮುಂಚೆ ಕೇಳಿ.

ಮೂರನೆಯದು ರೇಡಿಯೇಷನ್ ಸಿಟ್ಟಿಂಗ್, ಅಂದರೆ ಎಷ್ಟು ಸಲ ಕೊಡುತ್ತಾರೆ ಎಂಬುದು. ಹಿಂದೆ ಸ್ತನಕ್ಕೆ 25 ಸಿಟ್ಟಿಂಗ್, ಐದು ವಾರ. ಈಗ 15 ಸಿಟ್ಟಿಂಗ್, ಮೂರು ವಾರ ಎಷ್ಟೋ ಕಡೆ ರೂಢಿಯಾಗಿದೆ. 2020ರಲ್ಲಿ ಪ್ರಕಟವಾದ ಫಾಸ್ಟ್-ಫಾರ್ವರ್ಡ್ ಅಧ್ಯಯನ ಒಂದೇ ವಾರದಲ್ಲಿ 5 ಸಿಟ್ಟಿಂಗ್ ಕೊಟ್ಟೂ ಕ್ಯಾನ್ಸರ್ ಮರುಕಳಿಸುವುದರಲ್ಲಿ ಹಿಂದೆ ಬೀಳಲಿಲ್ಲ ಎಂದು ತೋರಿಸಿತು. ಲಿಂಫ್ ಗಂಟುಗಳಿಗೂ ಕೊಡಬೇಕಿದ್ದರೆ, ಸ್ತನ ಮರುರಚನೆ ಆಗಿದ್ದರೆ ಡಾಕ್ಟರ್ ಬೇರೆ ಹೇಳಬಹುದು. ಸಿಟ್ಟಿಂಗ್ ಇಳಿದರೆ ಬಿಲ್ ಮಾತ್ರವಲ್ಲ, ಓಡಾಟ, ವಾಸ, ಜೊತೆಗಿರುವವರ ಸಂಬಳ ಕಡಿತ ಎಲ್ಲ ಇಳಿಯುತ್ತದೆ.

ಔಷಧಿ ಕಂಪನಿಗಳ ರೋಗಿ ಸಹಾಯ ಯೋಜನೆಗೆ ಸಾಮಾನ್ಯವಾಗಿ ಡಾಕ್ಟರ್ ಮೂಲಕವೇ ನೋಂದಣಿ ಆಗಬೇಕು, ಅದೂ ಮೊದಲ ಡೋಸಿಗೆ ಮುಂಚೆ. ಕೆಲವರು ಖಾಲಿ ವಯಲ್, ಡಬ್ಬಿ, ಬಿಲ್ ಮೂರನ್ನೂ ನೋಡಿಯೇ ಮುಂದಿನದನ್ನು ಉಚಿತವಾಗಿ ಕೊಡುತ್ತಾರೆ. ನರ್ಸ್ ಖಾಲಿ ವಯಲನ್ನು ಕಸಕ್ಕೆ ಹಾಕುವ ಮುಂಚೆ ಹೇಳಿಡಿ.

ವಸುಧಾ:

ಇಬ್ಬರಿಗೂ ತುಂಬಾ ಧನ್ಯವಾದ. ವಯಲ್ ಲೆಕ್ಕ ಯಾರೂ ಹೇಳಿರಲಿಲ್ಲ. ಟ್ರಾಸ್ಟುಜುಮ್ಯಾಬ್ ಆರು ತಿಂಗಳು ಕೊಟ್ಟರೂ ಸಾಕು ಎಂದು ಎಲ್ಲೋ ಓದಿದೆ, ನಿಜವೇ?

ಔಷಧಾಲಯ:

ಅರ್ಧ ನಿಜ. 2019ರಲ್ಲಿ ಪ್ರಕಟವಾದ ಪರ್ಸೆಫೋನ್ ಅಧ್ಯಯನದಲ್ಲಿ ಆರು ತಿಂಗಳು ಒಂದು ವರ್ಷಕ್ಕಿಂತ ಕಡಿಮೆ ಬೀಳಲಿಲ್ಲ. ಅದಕ್ಕೂ ಮುಂಚಿನ ಫ್ರಾನ್ಸ್‌ನ ಫೇರ್ ಅಧ್ಯಯನ ಅದನ್ನು ಸಾಬೀತು ಮಾಡಲಾಗಲಿಲ್ಲ. ಹಾಗಾಗಿ ಒಂದು ವರ್ಷವೇ ಇಂದಿಗೂ ಸಾಮಾನ್ಯ ಪದ್ಧತಿ. ಗೆಡ್ಡೆ ದೊಡ್ಡದಿದ್ದು ಮೊದಲು ಕಿಮೋ ಕೊಡುತ್ತಿರುವವರಲ್ಲಿ ಕಡಿಮೆ ಮಾಡಲು ಡಾಕ್ಟರ್‌ಗಳು ಹಿಂಜರಿಯುತ್ತಾರೆ, ನನ್ನ ಅಭಿಪ್ರಾಯದಲ್ಲಿ ಅದು ಸರಿಯೇ. ಹಣ ಮುಗಿದು ಏಳನೇ ತಿಂಗಳಲ್ಲಿ ಹೇಳದೆ ಕೇಳದೆ ನಿಲ್ಲಿಸುವುದು ಮಾತ್ರ ಬೇಡ. ಇಷ್ಟು ಡೋಸಿಗೆ ಮಾತ್ರ ಹಣವಿದೆ ಎಂದು ಡಾಕ್ಟರಿಗೆ ಮೊದಲೇ ಬಾಯಿಬಿಟ್ಟು ಹೇಳಿ. ಆಗ ಅವರು ಕ್ರಮವನ್ನು ಅದಕ್ಕೆ ತಕ್ಕಂತೆ ಯೋಚಿಸಬಲ್ಲರು.

ಮಂಜುನಾಥ್ ಕೆ:

ವಿಮೆ ಮತ್ತು ಕೆಲಸದ ಬಗ್ಗೆ. ರಾಜೀನಾಮೆ ಸದ್ಯಕ್ಕೆ ಬೇಡವೇ ಬೇಡ. ಕಂಪನಿಯ ವಿಮೆ ಕೆಲಸದ ಜೊತೆಗೇ ಮುಗಿಯುತ್ತದೆ, ಈ ರೋಗ ಬಂದ ಮೇಲೆ ಹೊಸ ಪಾಲಿಸಿ ಸಿಗುವುದು ಬಹಳ ಕಷ್ಟ. ಅನಾರೋಗ್ಯ ರಜೆ, ಅರ್ಧ ಸಂಬಳದ ರಜೆ, ಸಂಬಳರಹಿತ ರಜೆ, ಮನೆಯಿಂದ ಕೆಲಸ, ಈ ಕ್ರಮದಲ್ಲಿ ಕೇಳಿ, ಎಲ್ಲ ಬರವಣಿಗೆಯಲ್ಲಿ. 21 ದಿನದ ಸೈಕಲ್‌ನಲ್ಲಿ ಮೊದಲ ನಾಲ್ಕೈದು ದಿನ ಸುಸ್ತು, ಏಳರಿಂದ ಹದಿನಾಲ್ಕನೇ ದಿನದವರೆಗೆ ಬಿಳಿ ರಕ್ತಕಣ ಕಡಿಮೆ, ಜನಸಂದಣಿ ಬೇಡ. ಮೂರನೇ ವಾರ ಬಹಳಷ್ಟು ಜನ ಕೆಲಸ ಮಾಡಬಲ್ಲರು. ಮ್ಯಾನೇಜರ್‌ಗೆ ಈ ಕ್ಯಾಲೆಂಡರನ್ನೇ ಹಾಕಿ ತೋರಿಸಿದರೆ ಅವರಿಗೂ ಯೋಜನೆ ಮಾಡಿಕೊಳ್ಳಲು ಸುಲಭ.

ಮನೆಯಲ್ಲಿರುವ ಹಳೆಯ ಪಾಲಿಸಿ ಕಾಗದಗಳನ್ನೆಲ್ಲ ಹೊರಗೆ ತೆಗೆಯಿರಿ. ಜೀವ ವಿಮೆಯಲ್ಲಿ ಗಂಭೀರ ಕಾಯಿಲೆಯ ರೈಡರ್ (ಪಾಲಿಸಿಗೆ ಸೇರಿಸಿದ ಹೆಚ್ಚುವರಿ ರಕ್ಷಣೆ) ಇದ್ದರೆ ಆಸ್ಪತ್ರೆ ಬಿಲ್ಲಿಗೆ ಸಂಬಂಧವಿಲ್ಲದೆ ಒಂದೇ ಕಂತಿನಲ್ಲಿ ಹಣ ಬರುತ್ತದೆ. ಪ್ರೀಮಿಯಂ ಮನ್ನಾ ರೈಡರ್ ಇದ್ದರೆ ಮುಂದಿನ ಕಂತು ಕಟ್ಟಬೇಕಾಗಿ ಬರದಿರಬಹುದು. ಗೃಹಸಾಲಕ್ಕೆ ಬ್ಯಾಂಕ್ ಸೇರಿಸಿದ ವಿಮೆಯಲ್ಲೂ ಈ ರಕ್ಷಣೆ ಇರಬಹುದು, ಎಷ್ಟೋ ಜನರಿಗೆ ಅದು ಇರುವುದೇ ಗೊತ್ತಿರುವುದಿಲ್ಲ. ಚಾಲ್ತಿಯಲ್ಲಿರುವ ಯಾವ ಪಾಲಿಸಿಯ ಕಂತೂ ತಪ್ಪದಂತೆ ನೋಡಿಕೊಳ್ಳಿ.

ಕ್ಲೇಮ್ ತಿರಸ್ಕಾರವಾದರೆ ಫೋನಿನಲ್ಲಿ ವಾದ ಬೇಡ. ಯಾವ ಷರತ್ತಿನ ಸಂಖ್ಯೆಯಡಿ ತಿರಸ್ಕರಿಸಿದ್ದೀರಿ ಎಂದು ಬರವಣಿಗೆಯಲ್ಲಿ ಕೇಳಿ, ಆ ಷರತ್ತಿಗೆ ಮಾತ್ರ ಉತ್ತರವಾಗಿ ಡಾಕ್ಟರ್ ಪತ್ರ ಲಗತ್ತಿಸಿ ಮೇಲ್ಮನವಿ ಕಳಿಸಿ. ಅಲ್ಲೂ ಆಗದಿದ್ದರೆ ವಿಮಾ ಒಂಬುಡ್ಸ್‌ಮನ್‌ಗೆ (ವಿಮಾ ಲೋಕಪಾಲ) ದೂರು ಕೊಡಿ. ಡೇ ಕೇರ್ ಕಿಮೋ (ರಾತ್ರಿ ಉಳಿಯದೆ ಅದೇ ದಿನ ಮುಗಿಸುವುದು) ವಿಮೆಯಲ್ಲಿ ಸೇರುತ್ತದೆಯೇ, ಟ್ರಾಸ್ಟುಜುಮ್ಯಾಬ್‌ನಂಥ ಟಾರ್ಗೆಟೆಡ್ ಔಷಧಿಗೆ ಉಪಮಿತಿ (ಇಷ್ಟೇ ಕೊಡುತ್ತೇವೆ ಎಂಬ ಬೇರೆ ಮಿತಿ) ಇದೆಯೇ ಎಂಬುದನ್ನು ಮೊದಲ ಸೈಕಲ್‌ಗೆ ಮುಂಚೆಯೇ ಲಿಖಿತವಾಗಿ ಪಡೆಯಿರಿ.

ಸುಜಾತಾ, ಆಸ್ಪತ್ರೆ ಸಮಾಜ ಸೇವಾ ವಿಭಾಗ:

ಇನ್ನೆರಡು ವಿಷಯ ಸೇರಿಸುತ್ತೇನೆ. ಸಾರ್ವಜನಿಕರಿಂದ ಆನ್‌ಲೈನ್‌ನಲ್ಲಿ ಹಣ ಕೂಡಿಸುವುದಾದರೆ ವೇದಿಕೆ ಎಷ್ಟು ಶುಲ್ಕ ಹಿಡಿಯುತ್ತದೆ, ಹಣ ಆಸ್ಪತ್ರೆಗೆ ನೇರ ಹೋಗುತ್ತದೆಯೇ ಎಂದು ಓದಿ ಸಹಿ ಹಾಕಿ. ರಿಪೋರ್ಟ್ ಹಾಕುವಾಗ ಆಸ್ಪತ್ರೆ ನಂಬರ್, ವಿಳಾಸ, ಗುರುತಿನ ಸಂಖ್ಯೆ ಮುಚ್ಚಿ. ನೆರವು ಮಂಜೂರು ಮಾಡಿಸುತ್ತೇನೆ, ಮೊದಲು ಇಷ್ಟು ಕೊಡಿ ಎನ್ನುವವರು ಯಾರೇ ಆಗಲಿ ಮೋಸಗಾರರು. ನಿಜವಾದ ಟ್ರಸ್ಟ್ ಅರ್ಜಿಗೆ ಕಮಿಷನ್ ಕೇಳುವುದಿಲ್ಲ.

ಮನೆಯ ನೆರವನ್ನು ಹಂಚಿಬಿಡಿ. ಏನಾದರೂ ಬೇಕಿದ್ದರೆ ಹೇಳಿ ಎನ್ನುವವರಿಗೆ ನಿರ್ದಿಷ್ಟ ಕೆಲಸ ಕೊಡಿ: ಒಬ್ಬರು ಕಿಮೋ ದಿನ ಕರೆದೊಯ್ಯಲಿ, ಒಬ್ಬರು ಕಾಗದಪತ್ರ ಮಾತ್ರ ನೋಡಲಿ, ಒಬ್ಬರು ಮಕ್ಕಳನ್ನು ಶಾಲೆಗೆ ಬಿಡಲಿ. ಕಾಗದ ನೋಡುವವರು ಒಬ್ಬರೇ ಇರಲಿ, ಇಬ್ಬರಾದರೆ ಫೈಲ್ ಯಾವತ್ತೂ ಇನ್ನೊಬ್ಬರ ಮನೆಯಲ್ಲಿರುತ್ತದೆ. ರೇಡಿಯೇಷನ್‌ಗೆ ದೂರದಿಂದ ಬರುವುದಾದರೆ ರೋಗಿಗಳ ವಸತಿಗೃಹಕ್ಕೆ ಆಪರೇಷನ್ ಮುಗಿದ ವಾರವೇ ಹೆಸರು ಕೊಡಿ, ಕಾಯುವ ಪಟ್ಟಿ ಉದ್ದ ಇರುತ್ತದೆ.

ಕೊನೆಯದಾಗಿ ಥರ್ಮಾಮೀಟರ್. ಕಿಮೋ ನಡೆಯುವಾಗ ಎಣಿಸಿರದ ದೊಡ್ಡ ಬಿಲ್ ಬರುವುದು ಹೆಚ್ಚಾಗಿ ಜ್ವರದಿಂದ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯಾದರೂ ಸರಿ ಆಸ್ಪತ್ರೆಗೆ ಹೊರಡಿ. ಅಳೆಯುವ ಮುಂಚೆ ಪ್ಯಾರಾಸಿಟಮಾಲ್ ಕೊಡಬೇಡಿ, ಜ್ವರ ಮರೆಯಾಗಿ ಸೋಂಕು ಒಳಗೇ ಬೆಳೆಯುತ್ತದೆ. ರಾತ್ರಿ ಕರೆ ಮಾಡುವ ನಂಬರ್, ಕಿಮೋ ಕಾರ್ಡ್, ಒಂದು ದಿನದ ಅಡ್ವಾನ್ಸ್ ಹಣ ಮೂರನ್ನೂ ಒಂದೇ ಚೀಲದಲ್ಲಿ ಸಿದ್ಧವಿಡಿ. ಹೊತ್ತಿಗೆ ಸರಿಯಾಗಿ ಆಂಟಿಬಯಾಟಿಕ್ ಬಿದ್ದರೆ ಎಷ್ಟೋ ಜನ ಐಸಿಯು ಇಲ್ಲದೆಯೇ ಮನೆಗೆ ಮರಳುತ್ತಾರೆ.

ವಸುಧಾ:

ನಾಳೆಯೇ ಸಮಾಜ ಕಾರ್ಯಕರ್ತರನ್ನು ಕಂಡು ಬಿಡಿಬಿಡಿ ಎಸ್ಟಿಮೇಟ್ ಕೇಳುತ್ತೇನೆ, ಫಾರ್ಮಸಿಯಲ್ಲಿ 440ರ ವಯಲ್ ವಿಚಾರಿಸುತ್ತೇನೆ. ಗೃಹಸಾಲದ ಕಾಗದ ಹುಡುಕಲು ಮನೆಯವರಿಗೆ ಹೇಳಿದ್ದೇನೆ. ಡಾಕ್ಟರ್ ಏನು ಹೇಳಿದರೆಂದು ಇಲ್ಲೇ ಬರೆಯುತ್ತೇನೆ.